ವಾಪಸ್ ಬರೋ ದಾರಿಯ ಲೆಕ್ಕ: ಹಾಸನದ ಬೇಸಿಗೆಯಲ್ಲಿ ಸೈಕಲ್ ತುಳಿಯೋದು

ಬೇಸಿಗೆಯಲ್ಲಿ ಸೈಕಲ್ ಹತ್ತೋರು ಹೋಗೋದರ ಲೆಕ್ಕ ಹಾಕ್ತಾರೆ, ವಾಪಸ್ ಬರೋದರ ಲೆಕ್ಕ ಹಾಕಲ್ಲ. ಬೆಳಗ್ಗೆ ಆರಕ್ಕೆ ಹಾಸನ ಬಿಟ್ಟರೆ ಗಾಳಿ ತಣ್ಣಗಿರುತ್ತೆ, ಕಾಲು ತಾನಾಗಿ ತಿರುಗುತ್ತೆ, ಇನ್ನೂ ಹತ್ತು ಕಿಲೋಮೀಟರ್ ಮುಂದೆ ಹೋಗೋಣ ಅನ್ಸುತ್ತೆ. ಆ ಹತ್ತು ಕಿಲೋಮೀಟರನ್ನ ಹತ್ತೂವರೆ ಬಿಸಿಲಲ್ಲಿ ವಾಪಸ್ ತುಳಿಯಬೇಕು ಅನ್ನೋದು ಆಗ ತಲೆಗೆ ಬರಲ್ಲ. ನನಗೂ ಬರ್ತಿರಲಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡೋ ಟೀಚರು. ವಯಸ್ಸು ನಲವತ್ತೊಂಬತ್ತು. ಮನೆ ವಿದ್ಯಾನಗರ, ಶಾಲೆ ಬೇಲೂರು ರಸ್ತೆ ಕಡೆ ಹದಿಮೂರು ಕಿಲೋಮೀಟರ್ ದೂರ. ಹನ್ನೊಂದು ವರ್ಷದಿಂದ ಗೇರ್ ಸೈಕಲ್ಲಲ್ಲಿ ಓಡಾಡ್ತಾ ಇದ್ದೀನಿ, ಭಾನುವಾರ ಇನ್ನೂ ಸ್ವಲ್ಪ ದೂರ. ಪರೀಕ್ಷೆ ಡ್ಯೂಟಿ ಮುಗಿಸಿ ಮಾರ್ಚಿನಲ್ಲಿ ಮಧ್ಯಾಹ್ನ ಎರಡಕ್ಕೆ ಹೊರಬಿದ್ದು ಮನೆ ಸೇರಿದ ದಿನಗಳೂ ಇವೆ. ಆದ್ದರಿಂದ ಕೆಳಗೆ ಬರೆದದ್ದರಲ್ಲಿ ಅರ್ಧ ಪಾಠ, ಅರ್ಧ ಪೆಟ್ಟು ತಿಂದು ಕಲಿತದ್ದು.

"ಹಾಸನದ್ದೂ ಒಂದು ಬಿಸಿಲಾ? ರಾಯಚೂರಿಗೆ ಹೋಗಿ ನೋಡಿ" ಅನ್ನೋರಿದ್ದಾರೆ. ಸರಿ, ನಮ್ಮೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಏಪ್ರಿಲ್‌ನಲ್ಲೂ ಬೆಳಗಿನ ಜಾವ ಹೊದಿಕೆ ಬೇಕಾಗುತ್ತೆ. ಮೋಸ ಇರೋದೇ ಅಲ್ಲಿ. ಪೇಪರಲ್ಲಿ ಬರೋ 34 ಡಿಗ್ರಿ ನೆರಳಲ್ಲಿ ಅಳೆದದ್ದು. ನಾವು ತುಳಿಯೋದು ಟಾರು ರಸ್ತೆ ಮೇಲೆ, ಆ ಟಾರು ಮಧ್ಯಾಹ್ನದ ಹೊತ್ತಿಗೆ 50 ಡಿಗ್ರಿ ದಾಟಿರುತ್ತೆ. ಮೇಲಿನಿಂದ ಸೂರ್ಯ, ಕೆಳಗಿನಿಂದ ರಸ್ತೆ, ಒಳಗಿನಿಂದ ನಮ್ಮದೇ ಮೈ. ಈ ಮೂರನೆಯದನ್ನ ಎಲ್ಲರೂ ಮರೀತಾರೆ. ನಾವು ಖರ್ಚು ಮಾಡೋ ಶಕ್ತಿಯಲ್ಲಿ ಹೆಚ್ಚೂಕಮ್ಮಿ ನಾಲ್ಕರಲ್ಲಿ ಒಂದು ಪಾಲು ಮಾತ್ರ ಪೆಡಲಿಗೆ ಹೋಗುತ್ತೆ, ಮಿಕ್ಕ ಮೂರು ಪಾಲು ಬರೀ ಬಿಸಿ. ಅದು ಆಚೆ ಹೋಗೋಕೆ ದೊಡ್ಡ ದಾರಿ ಅಂದ್ರೆ ಬೆವರು. ಅದೂ ತೊಟ್ಟಿಕ್ಕೋ ಬೆವರಲ್ಲ, ಆರೋ ಬೆವರು. ಗದ್ದದಿಂದ ನೆಲಕ್ಕೆ ಬಿದ್ದ ಹನಿ ನಿಮ್ಮನ್ನ ಒಂದು ಚೂರೂ ತಣ್ಣಗೆ ಮಾಡಲ್ಲ, ನೀರು ನಷ್ಟ ಅಷ್ಟೆ.

ಹಾಗಾಗಿ ಎರಡು ಜಾಗದಲ್ಲಿ ಹುಷಾರಾಗಿರಬೇಕು. ಒಂದು, ದಿಣ್ಣೆ ಹತ್ತೋವಾಗ. ಸಮತಟ್ಟಲ್ಲಿ ಇಪ್ಪತ್ತರ ವೇಗದಲ್ಲಿ ಹೋಗೋವಾಗ ಗಾಳಿ ಬೆವರನ್ನ ಆರಿಸ್ತಾ ಇರುತ್ತೆ. ದಿಣ್ಣೆಯಲ್ಲಿ ವೇಗ ಏಳೆಂಟಕ್ಕೆ ಇಳಿದರೆ ಗಾಳಿ ನಿಂತುಹೋಗುತ್ತೆ, ದುಡಿಮೆ ಮಾತ್ರ ದುಪ್ಪಟ್ಟು. ಇನ್ನೊಂದು, ಹಿಂದಿನಿಂದ ಗಾಳಿ ತಳ್ಳೋವಾಗ. ಆರಾಮ ಅನ್ಸುತ್ತೆ, ಆದರೆ ನೀವೂ ಗಾಳಿಯೂ ಒಂದೇ ವೇಗದಲ್ಲಿ ಹೋಗ್ತಿದ್ದರೆ ಮೈಗೆ ಗಾಳಿಯೇ ಸೋಕಲ್ಲ. ಒಲೆ ಮುಂದೆ ಕೂತ ಹಾಗೆ. ದಿಣ್ಣೆ ಬಂದರೆ ಮುಲಾಜಿಲ್ಲದೆ ಅತಿ ಹಗುರದ ಗೇರಿಗೆ ಹಾಕಿ. ಆಗಲೂ ಏದುಸಿರು ಬಂದರೆ ಇಳಿದು ತಳ್ಳಿ. ನಾನು ತಳ್ತೀನಿ. ನನ್ನದೇ ವಿದ್ಯಾರ್ಥಿಗಳು ಬೈಕಲ್ಲಿ ಪಕ್ಕಕ್ಕೆ ಬಂದು "ಮಿಸ್, ಪಂಚರ್ರಾ?" ಅಂತ ಕೇಳ್ತಾರೆ. ಹೌದಪ್ಪ, ನಾನೇ ಪಂಚರ್ ಅಂತೀನಿ.

ಇನ್ನು ಪೆಟ್ಟು ತಿಂದ ಕತೆ. ಮೂರು ವರ್ಷದ ಹಿಂದೆ ಮೇ ತಿಂಗಳ ಒಂದು ಭಾನುವಾರ ಅಣ್ಣನ ಮಗಳ ಜೊತೆ ಹಳೇಬೀಡಿಗೆ ಹೋದೆ. ಹೋಗೋಕೆ ಮೂವತ್ತು ಚಿಲ್ಲರೆ ಕಿಲೋಮೀಟರ್, ಎಂಟೂಕಾಲಿಗೆ ತಲುಪಿಬಿಟ್ವಿ. ಅವಳು ಚಿತ್ರ ಬಿಡಿಸ್ತಾಳೆ, ದೇವಸ್ಥಾನದ ಗೋಡೆಯ ಆನೆ ಸಾಲಿನ ಮುಂದೆ ಕೂತವಳು ಏಳಲೇ ಇಲ್ಲ. ಹತ್ತೂವರೆಗೆ ಹೊರಡೋವಾಗ ಅಂಗಳದ ಕಲ್ಲು ಕಾದು, ಚಪ್ಪಲಿ ಬಿಟ್ಟ ಜಾಗಕ್ಕೆ ಇಬ್ಬರೂ ಕುಣ್ಕೊಂಡು ಬಂದ್ವಿ. (ಬೇಸಿಗೆಯಲ್ಲಿ ಗುಡಿ ನೋಡೋ ಸವಾರಿಗೆ ದಪ್ಪ ಕಾಲುಚೀಲ ಇಟ್ಕೊಂಡಿರಿ.) ನನ್ನ ಹತ್ರ ಒಂದೇ ಬಾಟಲಿ ನೀರು, ಅದೂ ಅರ್ಧ. ಮುಂದೆ ಎಲ್ಲಾದ್ರೂ ತಗೊಂಡ್ರಾಯ್ತು ಅಂದ್ಕೊಂಡೆ. ಅರ್ಧ ದಾರಿ ಬಂದಿದ್ವಿ, ಒಂದು ದಿಣ್ಣೆಯಲ್ಲಿ ಇದ್ದಕ್ಕಿದ್ದ ಹಾಗೆ ತೋಳಿನ ರೋಮ ನಿಮಿರಿ ಚಳಿ ಆದ ಹಾಗಾಯ್ತು. ಆ ಸುಡೋ ಬಿಸಿಲಲ್ಲಿ ಚಳಿ! ಹಿಂದಿನಿಂದ ಬರ್ತಿದ್ದ ಹುಡುಗಿ "ಅತ್ತೆ, ಮುಖ ಯಾಕೆ ಹಿಂಗೆ ಬಿಳಿಚ್ಕೊಂಡಿದೆ?" ಅಂದಳು. ಉತ್ತರ ಹೇಳೋಕೆ ಬೇಜಾರು ಅನ್ನಿಸ್ತು. ಆ ಬೇಜಾರೇ ಗುರುತು ಅಂತ ಆಮೇಲೆ ಗೊತ್ತಾಯ್ತು.

ರಸ್ತೆ ಪಕ್ಕ ಹೊಂಗೆ ಮರ, ಅದರ ಕೆಳಗೆ ಬೀಡಿ-ಬಿಸ್ಕತ್ತಿನ ಪೆಟ್ಟಿಗೆ ಅಂಗಡಿ. ಅಂಗಡಿ ಅಜ್ಜಿ ನನ್ನನ್ನ ನೋಡಿದ್ದೇ "ಏನವ್ವಾ, ನಾಯಿ ಸೈತ ಆಚೆ ಬರಾಕಿಲ್ಲ ಈ ಬಿಸ್ಲಲ್ಲಿ, ನೀನು ಸೈಕಲ್ ತುಳ್ಕಂಡ್ ಬಂದಿದ್ದೀಯಲ್ಲ" ಅಂತ ಬೈಕೊಂಡೇ ಚೊಂಬಲ್ಲಿ ನೀರು ತಂದು ಕತ್ತಿನ ಮೇಲೆ ಸುರಿದರು. ಆಮೇಲೆ ಮಜ್ಜಿಗೆ, ಬಾಯಿ ಕಟ್ಟೋ ಅಷ್ಟು ಉಪ್ಪು ಹಾಕಿ. ಇಪ್ಪತ್ತು ನಿಮಿಷ ಕೂತರೂ ಎದೆ ಬಡಿತ ಇಳೀಲಿಲ್ಲ. ಆಲೂಗಡ್ಡೆ ಬಿತ್ತನೆ ಕಾಲ ಅದು, ಬಿತ್ತನೆಗಡ್ಡೆ ಇಳಿಸಿ ಖಾಲಿ ವಾಪಸ್ ಹೋಗ್ತಿದ್ದ ಒಂದು ಲಗೇಜ್ ಆಟೋ ಸಿಕ್ತು. ಎರಡು ಸೈಕಲ್, ಇಬ್ಬರು ಹೆಂಗಸರು, ಗೋಣಿ ಚೀಲದ ಧೂಳು. ಹಾಸನದ ಎನ್.ಆರ್. ಸರ್ಕಲ್ ದಾಟೋವಾಗ ಯಾರೂ ಪರಿಚಯದೋರು ನೋಡದೇ ಇರಲಿ ಅಂತ ತಲೆ ತಗ್ಗಿಸಿ ಕೂತಿದ್ದೆ.

ಆ ದಿನ ಎಡವಿದ್ದು ಕಾಲಲ್ಲ, ಗಡಿಯಾರ. ಈಗ ನನ್ನ ನಿಯಮ ಇಷ್ಟೇ: ಹತ್ತು ಗಂಟೆಗೆ ಮನೆ ಬಾಗಿಲಲ್ಲಿರಬೇಕು. ಅಲ್ಲಿಂದ ಹಿಂದಕ್ಕೆ ಎಣಿಸ್ತೀನಿ. ವಾಪಸ್ ಬರೋಕೆ ಹೋದದ್ದಕ್ಕಿಂತ ಕಾಲುಭಾಗ ಹೆಚ್ಚು ಸಮಯ ಇಟ್ಕೋತೀನಿ. ಐದೂಮುಕ್ಕಾಲಿಗೆ ಹೊರಟರೆ ಏಳೂವರೆಯ ಒಳಗೆ, ಎಲ್ಲಿದ್ದರೂ ಸರಿ, ಹ್ಯಾಂಡಲ್ ತಿರುಗಿಸಬೇಕು. ಊರು ಇನ್ನು ಮೂರೇ ಕಿಲೋಮೀಟರ್ ಇದ್ದರೂ ತಿರುಗಿಸಬೇಕು. ದೊಡ್ಡಗದ್ದವಳ್ಳಿ ಇದಕ್ಕೆ ಹೇಳಿ ಮಾಡಿಸಿದ ದೂರ, ಹದಿನೆಂಟು-ಇಪ್ಪತ್ತು ಕಿಲೋಮೀಟರ್. ವಿಷ್ಣುವರ್ಧನನ ಕಾಲದ ಲಕ್ಷ್ಮೀದೇವಿ ಗುಡಿ, ಪಕ್ಕದಲ್ಲೇ ಕೆರೆ. ಮೊಸಳೆಯ ಜೋಡಿ ಗುಡಿಗಳು ಇನ್ನೂ ಹತ್ತಿರ, ಹೊಸಬರು ಅಲ್ಲಿಂದ ಶುರು ಮಾಡಿ. ಶೆಟ್ಟಿಹಳ್ಳಿ ಚರ್ಚು ಮಾತ್ರ ಬೇಸಿಗೆಯಲ್ಲಿ ಬೆಳ್ಳಂಬೆಳಗ್ಗೆ ಬಿಟ್ಟರೆ ಬೇಡ. ಹೇಮಾವತಿ ನೀರು ಇಳಿದು ಚರ್ಚು ಪೂರ್ತಿ ಕಾಣೋದು ಬೇಸಿಗೆಯಲ್ಲೇ ಅನ್ನೋದು ನಿಜ, ಆದರೆ ನೀರು ಇಳಿದ ಜಾಗ ಅಂದ್ರೆ ಬಿರುಕು ಬಿಟ್ಟ ಬಯಲು. ಒಂದು ಗಿಡದ ನೆರಳೂ ಇಲ್ಲ.

ನೆರಳಿನ ಮಾತು ಬಂತಲ್ಲ, ಇದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಇದು ನನ್ನ ಇಷ್ಟದ ಪಾಠ. ಹಾಸನ ಇರೋದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸು ಸೂರ್ಯ ಸರಿಯಾಗಿ ನಮ್ಮ ನೆತ್ತಿ ಮೇಲೆ ಬರ್ತಾನೆ, ಮಧ್ಯಾಹ್ನ ಹನ್ನೆರಡೂ ಇಪ್ಪತ್ತೈದರ ಹತ್ತಿರ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರಲ್ಲ. ಮಕ್ಕಳಿಗೆ ತೋರಿಸೋ ಶೂನ್ಯ ನೆರಳಿನ ದಿನ ಅದೇ. ಸೈಕಲ್ಲಿನವರಿಗೆ ಇದರಿಂದ ಏನು? ಆ ದಿನಗಳಲ್ಲಿ ಸೂರ್ಯ ಹೆಚ್ಚೂಕಮ್ಮಿ ಪೂರ್ವದಿಂದ ನೆಟ್ಟಗೆ ನೆತ್ತಿಗೆ ಏರ್ತಾನೆ. ಪೂರ್ವ-ಪಶ್ಚಿಮ ರಸ್ತೆಯಲ್ಲಿ, ಅಂದ್ರೆ ಸಕಲೇಶಪುರ ಕಡೆ ಅಥವಾ ಚನ್ನರಾಯಪಟ್ಟಣ ಕಡೆ ಹೋಗೋ ಹೆದ್ದಾರಿಯಲ್ಲಿ, ಪಕ್ಕದ ಮರದ ನೆರಳು ರಸ್ತೆಯ ಉದ್ದಕ್ಕೇ ಬೀಳುತ್ತೆ, ಅಡ್ಡ ಬೀಳಲ್ಲ. ಕೊಂಬೆ ರಸ್ತೆ ಮೇಲೆ ಚಾಚಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ರಸ್ತೆ ಅಗಲ ಮಾಡಿದ ಮೇಲೆ ಅಂಥ ಕೊಂಬೆ ಎಲ್ಲಿದೆ? ಉತ್ತರ-ದಕ್ಷಿಣ ರಸ್ತೆಗಳಲ್ಲಿ, ಹಳೇಬೀಡು, ಅರಸೀಕೆರೆ, ಗೊರೂರು, ಹೊಳೆನರಸೀಪುರ ದಿಕ್ಕಿನವು, ಪೂರ್ವ ಬದಿಯ ಮರದ ನೆರಳು ರಸ್ತೆಗೆ ಅಡ್ಡಲಾಗಿ ಬೀಳುತ್ತೆ. ಒಂಬತ್ತೂ ಇಪ್ಪತ್ತರಲ್ಲಿ ನೆರಳಿನ ಉದ್ದ ಮರದ ಎತ್ತರದಷ್ಟೇ. ಹತ್ತೂಮುಕ್ಕಾಲಿಗೆ ಎತ್ತರದ ಅರ್ಧಕ್ಕಿಂತ ಕಡಿಮೆ, ಆ ಹೊತ್ತಿಗೆ ನೆರಳು ಚರಂಡಿಗೆ ಸೇರುತ್ತೆ, ನಿಮಗಲ್ಲ.

ಈಗ ನಾವು ಎಡಗಡೆ ತುಳಿಯೋರು ಅನ್ನೋದನ್ನ ಸೇರಿಸಿ. ಬೆಳಗ್ಗೆ ಉತ್ತರಕ್ಕೆ ಹೋಗಿ ದಕ್ಷಿಣಕ್ಕೆ ವಾಪಸ್ ಬಂದರೆ, ಬಿಸಿಲು ಏರೋ ಹೊತ್ತಲ್ಲಿ ಪೂರ್ವ ನಿಮ್ಮ ಎಡಕ್ಕಿರುತ್ತೆ, ಮರದ ನೆರಳು ಮೊದಲು ಬೀಳೋದು ನಿಮ್ಮ ಬದಿಗೇ. ಸಂಜೆ ಸವಾರಿಗೆ ತಿರುಗಾಮುರುಗಾ: ನಾಲ್ಕೂವರೆಗೆ ಗೊರೂರು ಕಡೆ ಹೋಗಿ ಉತ್ತರಕ್ಕೆ ವಾಪಸ್ ಬನ್ನಿ, ಪಶ್ಚಿಮದ ಮರಗಳು ನಿಮ್ಮ ಎಡಕ್ಕೆ. ಇಷ್ಟು ಚಿಕ್ಕ ವಿಷಯ ತಿಳ್ಕೊಳ್ಳೋಕೆ ನನಗೆ ಆರು ವರ್ಷ ಬೇಕಾಯ್ತು, ಅದೂ ಪ್ರತಿ ವರ್ಷ ನೆರಳಿನ ಪಾಠ ಮಾಡ್ಕೊಂಡು!

ಮರಗಳಲ್ಲೂ ವ್ಯತ್ಯಾಸ ಇದೆ. ಹೊಂಗೆ ಬೇಸಿಗೆಗೆ ಮುಂಚೆ ಎಲೆ ಉದುರಿಸಿ, ಸರಿಯಾಗಿ ಬಿಸಿಲು ಕಾಯೋ ಹೊತ್ತಿಗೆ ಹೊಸ ಎಲೆ ತುಂಬ್ಕೊಂಡಿರುತ್ತೆ. ನಿಲ್ಲೋದಿದ್ದರೆ ಹೊಂಗೆ, ಆಲ, ಮಾವಿನ ಕೆಳಗೆ ನಿಲ್ಲಿ. ನೀಲಗಿರಿ ತೋಪು ದೂರದಿಂದ ಆಸೆ ಹುಟ್ಟಿಸುತ್ತೆ, ಎಲೆ ಜೋತಾಡೋದರಿಂದ ಕೆಳಗೆ ಬರೀ ಜಾಳು ನೆರಳು.

ಮೈಯನ್ನ ಬಿಸಿಲಿಗೆ ಒಗ್ಗಿಸೋಕೆ ಹತ್ತರಿಂದ ಹದಿನಾಲ್ಕು ದಿನ ಬೇಕು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ ಅಂತಾರಲ್ಲ, ಅಲ್ಲಿಂದ ಶುರು ಮಾಡಿದರೆ ಯುಗಾದಿ ಹೊತ್ತಿಗೆ ಮೈ ತಯಾರು. ದಿನಾ ಅರ್ಧ-ಮುಕ್ಕಾಲು ಗಂಟೆ, ಸ್ವಲ್ಪ ಬಿಸಿಲು ತಾಗೋ ಹೊತ್ತಲ್ಲಿ, ನಿಧಾನಕ್ಕೆ. ಒಳಗೆ ರಕ್ತದ ನೀರಿನಂಶ ಹೆಚ್ಚುತ್ತೆ, ಬೆವರು ಬೇಗ ಶುರುವಾಗುತ್ತೆ, ಬೆವರಲ್ಲಿ ಹೋಗೋ ಉಪ್ಪು ಕಡಿಮೆಯಾಗುತ್ತೆ. ಹದಿನೈದು-ಇಪ್ಪತ್ತು ದಿನ ಬಿಟ್ಟರೆ ಇದರಲ್ಲಿ ಬಹುಪಾಲು ಹೋಗಿಬಿಡುತ್ತೆ. ಬೆಂಗಳೂರಲ್ಲಿ ಎ.ಸಿ. ಕೆಳಗೆ ಕೂತು ಕೆಲಸ ಮಾಡೋ ಮಕ್ಕಳು ರಜಕ್ಕೆ ಬಂದು ಮೊದಲ ದಿನವೇ ಬೇಲೂರಿಗೆ ಹೊರಡ್ತಾರೆ. ನಾನು ಅವರ ಅಮ್ಮಂದಿರಿಗೆ ಫೋನ್ ಮಾಡ್ತೀನಿ.

ಎಷ್ಟು ನೀರು ಕುಡೀಬೇಕು ಅಂತ ಎಲ್ಲರೂ ಕೇಳ್ತಾರೆ. ತಕ್ಕಡಿ ಕೇಳಿ. ಹೊರಡೋ ಮುಂಚೆ ತೂಕ ನೋಡಿ, ಬಂದ ಮೇಲೆ ಬೆವರು ಒರೆಸಿ ಮತ್ತೆ ನೋಡಿ. ಏಪ್ರಿಲ್‌ನಲ್ಲಿ ನಾನು ಹೊರಟಾಗ 61.2 ಕಿಲೋ, ಒಂದೂವರೆ ಗಂಟೆ ತುಳಿದು ಬಂದಾಗ 60.4. ದಾರಿಯಲ್ಲಿ ಕುಡಿದದ್ದು 700 ಮಿಲಿ. ಇಳಿದ 800 ಗ್ರಾಂ, ಕುಡಿದ 700, ಒಟ್ಟು ಒಂದೂವರೆ ಲೀಟರ್ ಬೆವರು, ಗಂಟೆಗೆ ಒಂದು ಲೀಟರ್. ನಿಮ್ಮದು ಬೇರೆ ಇರುತ್ತೆ, ಎರಡು-ಮೂರು ಸಲ ಅಳೆದರೆ ಗೊತ್ತಾಗುತ್ತೆ. ಹೋದದ್ದನ್ನೆಲ್ಲ ದಾರಿಯಲ್ಲೇ ತುಂಬಬೇಕಂತಿಲ್ಲ. ಬರೀ ನೀರನ್ನ ಹೊಟ್ಟೆ ಬಿರಿಯೋ ಹಾಗೆ ಕುಡಿಯೋದೂ ಅಪಾಯ, ರಕ್ತದ ಉಪ್ಪು ತೆಳುವಾಗಿ ತಲೆನೋವು, ವಾಕರಿಕೆ ಬರುತ್ತೆ, ಅತಿಯಾದರೆ ಪ್ರಾಣಕ್ಕೇ ಕುತ್ತು. ಹದಿನೈದು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು, ಜೊತೆಗೆ ಉಪ್ಪು.

ಅಂಗಿ ಮೇಲೆ ಬಿಳಿ ಗೆರೆ ಮೂಡೋರಿಗಂತೂ ಉಪ್ಪು ಬೇಕೇ ಬೇಕು. ಒಂದು ಬಾಟಲಿ ನೀರು, ಇನ್ನೊಂದರಲ್ಲಿ ಪಾನಕ ಅಥವಾ ಮಜ್ಜಿಗೆ ನನ್ನ ಪದ್ಧತಿ. ಪಾನಕಕ್ಕೆ ಬೆಲ್ಲ, ನಿಂಬೆ, ಶುಂಠಿ, ಜೊತೆಗೆ ಒಂದು ಚಿಟಿಕೆ ಉಪ್ಪು. ರಾಮನವಮಿ ಪಾನಕದಷ್ಟು ಸಿಹಿ ಬೇಡ, ಬಾಯಿ ಅಂಟುತ್ತೆ. ಮಜ್ಜಿಗೆ ಬೆಳಗ್ಗೆ ಎಂಟರ ಒಳಗೆ ಕುಡಿದು ಮುಗಿಸಿ, ಆಮೇಲೆ ಹುಳಿಯಾಗಿ ಮುಚ್ಚಳ ಹಾರುತ್ತೆ. ಏನೂ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ಸರಿಯಾಗಿರಲಿ, ಉಪ್ಪು ಕಣ್ಣಂದಾಜಿನಲ್ಲಿ ಹಾಕಬೇಡಿ. ಎಳನೀರು ಚೆನ್ನ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ನಮಗೆ ಬೆವರಲ್ಲಿ ಹೋಗೋ ಸೋಡಿಯಂ ಅದರಲ್ಲಿ ಕಡಿಮೆ. ಹಾಗಾಗಿ ಎಳನೀರಿನ ಜೊತೆ ಒಂದು ಚೂರು ಉಪ್ಪಿನಕಾಯಿ ನೆಕ್ಕಿ ಅಂದ್ರೆ ಎಳನೀರಿನವರು ನಗ್ತಾರೆ. ನಗಲಿ. ಹೊರಡೋ ಮುಂಚೆ ಕಾಫಿ ಬೇಡ ಅನ್ನೋರ ಮಾತು ಕೇಳಬೇಡಿ, ಒಂದು ಲೋಟ ಕಾಫಿಯಿಂದ ಮೈ ಒಣಗಲ್ಲ. ಕಾಫಿ ಸೀಮೆಯಲ್ಲಿದ್ದು ಅದನ್ನೂ ಬಿಟ್ಟರೆ ಹೇಗೆ?

ತಿನ್ನೋಕೆ ನಮ್ಮ ಜಿಲ್ಲೆಯದೇ ಬೆಳೆ: ಆಲೂಗಡ್ಡೆ. ಸಣ್ಣ ಗಡ್ಡೆಗಳನ್ನ ರಾತ್ರಿಯೇ ಸಿಪ್ಪೆ ಸಮೇತ ಬೇಯಿಸಿ, ಉಪ್ಪು-ಮೆಣಸಿನಪುಡಿ ಹೊರಳಿಸಿ, ಬಟರ್ ಪೇಪರಲ್ಲಿ ಸುತ್ತಿ ಜೇಬಿಗೆ. ಬಿಸಿಲಿಗೆ ಕರಗಲ್ಲ, ಹೊಟ್ಟೆ ಕೆಡಿಸಲ್ಲ. ಚಾಕೊಲೇಟ್ ತಗೊಂಡು ಹೋದ ದಿನ ಜೇಬನ್ನೇ ತೊಳೀಬೇಕಾಯ್ತು.

ಹೆಣ್ಣುಮಕ್ಕಳಿಗೆ ಒಂದು ಮಾತು, ಗಂಡಸರು ಬರೆಯೋದರಲ್ಲಿ ಇದು ಇರಲ್ಲ. ನಾವು ಬಿಸಿಲಲ್ಲಿ ಬಳಲೋಕೆ ದೊಡ್ಡ ಕಾರಣ ನೀರು ಸಿಗದೇ ಇರೋದಲ್ಲ, ಶೌಚಾಲಯ ಇಲ್ಲದೇ ಇರೋದು. ದಾರಿಯಲ್ಲಿ ತೊಂದರೆ ಬೇಡ ಅಂತ ಬೆಳಗ್ಗಿಂದಲೇ ಕುಡಿಯೋದು ಬಿಡ್ತೀವಿ. ಹಳೇಬೀಡಿನ ದಿನ ನನ್ನ ಬಾಟಲಿ ಅರ್ಧ ಇದ್ದದ್ದೂ ಅದಕ್ಕೇ. ಈಗ ನಾನು ದಾರಿ ಆರಿಸೋದು ನೋಟ ನೋಡಿ ಅಲ್ಲ, ಎಲ್ಲಿ ಪೆಟ್ರೋಲ್ ಬಂಕಿದೆ, ಎಲ್ಲಿ ಬಸ್ ನಿಲ್ದಾಣ ಇದೆ, ಎಲ್ಲಿ ಪರಿಚಯದ ಟೀಚರ ಮನೆ ಇದೆ ಅಂತ ನೋಡಿ. ಹೊರಡೋಕೆ ಎರಡು ಗಂಟೆ ಮುಂಚೆ ಅರ್ಧ ಲೀಟರ್ ಕುಡಿದು, ಮನೆಯಲ್ಲೇ ಮುಗಿಸಿ ಹೊರಡೋದು ಇನ್ನೊಂದು ಉಪಾಯ. ಅದಕ್ಕೆ ನಾಲ್ಕಕ್ಕೆ ಏಳಬೇಕು, ಅಷ್ಟೆ.

ಬಟ್ಟೆ ವಿಷಯ ಬೇಗ ಹೇಳಿಬಿಡ್ತೀನಿ. ತುಂಬು ತೋಳಿನ, ತಿಳಿ ಬಣ್ಣದ, ಸಡಿಲ ಅಂಗಿ. ಹೆಲ್ಮೆಟ್ ಕೆಳಗೆ ತೆಳು ಹತ್ತಿ ಬಟ್ಟೆ ಒದ್ದೆ ಮಾಡಿ ಕತ್ತಿನ ಮೇಲೆ ಇಳಿಬಿಡಿ, ದಿಣ್ಣೆಗೆ ಮುಂಚೆ ಮತ್ತೆ ಒದ್ದೆ ಮಾಡಿ. ಸನ್‌ಸ್ಕ್ರೀನ್ ಹಣೆಗೆ ಹಚ್ಚಬೇಡಿ, ಬೆವರಿನ ಜೊತೆ ಕಣ್ಣಿಗೆ ಇಳಿದು ಉರಿಯುತ್ತೆ.

ಸೈಕಲ್ಲಿಗೆ ಬಿಸಿಲಿನಿಂದ ಟೈರ್ ಸಿಡಿಯುತ್ತೆ ಅಂತ ಅರ್ಧ ಗಾಳಿ ಹಾಕ್ಕೊಂಡು ಓಡಾಡೋರಿದ್ದಾರೆ. ಲೆಕ್ಕ ಮಾಡಿ: ಬೆಳಗ್ಗೆ 25 ಡಿಗ್ರಿಯಲ್ಲಿ 60 ಪಿಎಸ್‌ಐ ಒತ್ತಡಕ್ಕೆ ಗಾಳಿ ಹೊಡೆದದ್ದು 50 ಡಿಗ್ರಿಗೆ ಕಾದರೆ ಸುಮಾರು 66 ಆಗುತ್ತೆ. ಒಳ್ಳೆ ಟೈರಿಗೆ ಇದು ಏನೂ ಅಲ್ಲ. ಬದಿ ಬಿರುಕು ಬಿಟ್ಟ ಹಳೇ ಟೈರು ಮಾತ್ರ ಬಿಸಿಲಲ್ಲಿ ಕೈಕೊಡುತ್ತೆ, ಅದನ್ನ ಬದಲಾಯಿಸಿ. ಗಾಳಿ ಕಡಿಮೆ ಇದ್ದರೆ ತುಳಿಯೋದು ಭಾರ, ಮೈ ಇನ್ನೂ ಬಿಸಿ. ಪಂಚರ್ ಕಿಟ್ಟಿನ ಸಲ್ಯೂಷನ್ ಒಮ್ಮೆ ತೆರೆದದ್ದು ಬೇಸಿಗೆಯಲ್ಲಿ ಒಳಗೇ ಒಣಗಿರುತ್ತೆ, ಹೊರಡೋ ಮುಂಚೆ ಒತ್ತಿ ನೋಡಿ. ಅರಸೀಕೆರೆ ಕಡೆ ಜಾಲಿ ಮುಳ್ಳು, ಅಲ್ಲಿಗೆ ಹೋಗೋದಾದರೆ ಒಂದು ಟ್ಯೂಬ್ ಹೆಚ್ಚಿಗೆ ಇರಲಿ. ನಾಯಿಗಳ ಭಯ ಇದ್ದರೆ ಒಂದು ಸಮಾಧಾನ: ಒಂಬತ್ತರ ಮೇಲೆ ಅವೂ ಓಡಿಸ್ಕೊಂಡು ಬರಲ್ಲ, ಮಲಗಿದ್ದಲ್ಲೇ ಒಂದು ಸಲ ಬೊಗಳಿ ಸುಮ್ಮನಾಗ್ತವೆ.

ನಿಲ್ಲಬೇಕಾದ ಗುರುತುಗಳನ್ನ ಜೊತೆಯವರಿಗೂ ಹೇಳಿರಿ, ಯಾಕಂದ್ರೆ ಆಗೋವಾಗ ನಮಗೇ ಗೊತ್ತಾಗಲ್ಲ. ತಲೆನೋವು, ತಲೆ ಸುತ್ತು, ಬಿಸಿಲಲ್ಲಿ ಚಳಿ, ವಾಕರಿಕೆ, ಕಾಲು ಹಿಡ್ಕೊಳ್ಳೋದು, ಮಾತಾಡೋಕೆ ಬೇಜಾರು. ಇವು ಬಂದರೆ ನೆರಳು, ನೀರು, ಉಪ್ಪು. ಹತ್ತು-ಹದಿನೈದು ನಿಮಿಷ ಕೂತರೂ ಎದೆ ಬಡಿತ ಇಳೀದಿದ್ದರೆ ಆ ದಿನದ ಸವಾರಿ ಮುಗೀತು, ಆಟೋ ಕರೀರಿ. ಮಾತು ತೊದಲಿದರೆ, ಎಲ್ಲಿದ್ದೀನಿ ಅಂತ ಗೊತ್ತಾಗದಿದ್ದರೆ, ಬಿದ್ದುಹೋದರೆ ಅದು ಬೇರೆ. ಮೈ 40 ಡಿಗ್ರಿ ದಾಟಿರಬಹುದು. 108ಕ್ಕೆ ಫೋನ್ ಮಾಡಿ, ಆದರೆ ಆಂಬ್ಯುಲೆನ್ಸ್ ಬರಲಿ ಅಂತ ಕಾಯ್ತಾ ಕೂರಬೇಡಿ. ತಕ್ಷಣ ಮೈ ಪೂರ್ತಿ ನೀರು ಸುರಿದು ಗಾಳಿ ಬೀಸಿ. ಬೋರ್‌ವೆಲ್, ತೊಟ್ಟಿ, ಏನಿದ್ದರೂ ಸರಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಮಳೆಯೂ ಬೇಸಿಗೆಯದೇ ಭಾಗ. ಏಪ್ರಿಲ್-ಮೇನಲ್ಲಿ ಮಧ್ಯಾಹ್ನ ಮೂರರ ಮೇಲೆ ಪಶ್ಚಿಮದಲ್ಲಿ ಮೋಡ ಕಪ್ಪಾದರೆ ಸಂಜೆ ಸವಾರಿ ಬಿಡಿ. ಭರಣಿ ಮಳೆ ಗುಡುಗು-ಮಿಂಚಿನ ಮಳೆ, ಒಂಟಿ ಮರದ ಕೆಳಗೆ, ತೆಂಗಿನ ತೋಟದಲ್ಲಿ ನಿಲ್ಲಬಾರದು. ಕಾದ ರಸ್ತೆಗೆ ಬಿದ್ದ ಮೊದಲ ಹತ್ತು ನಿಮಿಷದ ಮಳೆ ಎಣ್ಣೆ ಸವರಿದ ಹಾಗೆ ಜಾರುತ್ತೆ. ಮಾರನೇ ಬೆಳಗ್ಗೆ ಹಿತವಾಗಿರುತ್ತೆ ಅಂತ ನಂಬ್ಕೊಂಡು ದೂರ ಹೋಗಬೇಡಿ. ಗಾಳಿಯಲ್ಲಿ ತೇವ ಇದ್ದರೆ ಬೆವರು ಆರಲ್ಲ. ಅಂಥ 31 ಡಿಗ್ರಿ, ಒಣ ಗಾಳಿಯ 35ಕ್ಕಿಂತ ಹೆಚ್ಚು ಸುಸ್ತು ಮಾಡುತ್ತೆ.

ಮನೆಗೆ ಬಂದ ಮೇಲೆ ತೂಕದಲ್ಲಿ ಇಳಿದದ್ದರ ಒಂದೂವರೆ ಪಾಲು ನೀರನ್ನ ಎರಡು-ಮೂರು ಗಂಟೆಯಲ್ಲಿ, ಊಟದ ಜೊತೆ, ನಿಧಾನಕ್ಕೆ ಕುಡೀರಿ. ಸಾರನ್ನ, ಉಪ್ಪಿನಕಾಯಿ, ಮಜ್ಜಿಗೆ ಇದ್ದರೆ ಬೇರೆ ಪುಡಿ ಪೊಟ್ಟಣ ಏನೂ ಬೇಡ. ರಾತ್ರಿ ಮಲಗೋ ಮುಂಚೆ ಒಂದು ಬಾಟಲಿಗೆ ಅರ್ಧ ನೀರು ಹಾಕಿ ಫ್ರೀಜರಲ್ಲಿ ಅಡ್ಡ ಮಲಗಿಸಿ. ಬೆಳಗ್ಗೆ ಮಿಕ್ಕರ್ಧ ತುಂಬಿಸಿ, ಒದ್ದೆ ಕಾಲುಚೀಲ ತೊಡಿಸಿ ಸೈಕಲ್ಲಿಗೆ ಸಿಕ್ಕಿಸಿದರೆ ಒಂಬತ್ತರವರೆಗೂ ತಣ್ಣಗಿರುತ್ತೆ. ಪೂರ್ತಿ ತುಂಬಿಸಿ ಫ್ರೀಜರಲ್ಲಿ ಇಟ್ಟರೆ ಬಾಟಲಿ ಒಡೆಯುತ್ತೆ, ಮನೆಯವರ ಹತ್ರ ಬೈಸ್ಕೋಬೇಕಾಗುತ್ತೆ. ಕಾಲುಚೀಲ ಮಾತ್ರ ಒಗೆದದ್ದೇ ಹಾಕಿ.